ಕ್ರೈಸ್ತ ಧರ್ಮಬೋಧೆಯೂ ಮಲೆಸೀಮೆಯ ನೆಲವೂ

ಧರ್ಮವು ದೇವಾಲಯದ ಗೋಡೆಗಳೊಳಗೆ ಇರತಕ್ಕುದು, ಲೋಕವ್ಯವಹಾರವು ಸರಕಾರಕ್ಕೆ ಸೇರತಕ್ಕುದು ಎಂಬ ವಾದವನ್ನು ನಾವು ಒಪ್ಪುವವರಲ್ಲ. ಮಹಾತ್ಮಾ ಗಾಂಧಿಯವರು ಧರ್ಮವನ್ನು ರಾಜಕಾರಣದೊಳಕ್ಕೆ ತಂದುದು ಒಂದೊಂದು ಮತದವರ ತಲೆಯೆಣಿಸುವುದಕ್ಕಲ್ಲ. ಅಧಿಕಾರಕ್ಕೂ ಲೋಭಕ್ಕೂ ಕಡಿವಾಣವಿರಲೆಂದು. ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ, ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಕ್ರೈಸ್ತ ದೇವಶಾಸ್ತ್ರಕ್ಕೆ ಮಾಡತಕ್ಕ ಕೆಲಸವೊಂದು ಕಾದಿದೆಯೆಂದು ನಮ್ಮ ಅಭಿಪ್ರಾಯ.

ಈ ಸೀಮೆಯ ಕ್ರೈಸ್ತರೆಲ್ಲರೂ ಒಂದೇ ಕಡೆಯಿಂದ ಬಂದವರಲ್ಲ. ಕೊಂಕಣಿಯಲ್ಲಿ ಪ್ರಾರ್ಥಿಸುವ ಹಳೆಯ ಕಥೋಲಿಕ ಮನೆತನಗಳಿವೆ. 1958ರಲ್ಲಿ ಪುತ್ತೂರಿನಲ್ಲಿ ಸಂತ ಫಿಲೋಮಿನಾ ಕಾಲೇಜು ಸ್ಥಾಪನೆಯಾಗಿ ಸರ್ವಮತದ ಮಕ್ಕಳಿಗೂ ವಿದ್ಯೆ ದೊರೆತುದು ಕಥೋಲಿಕರ ಉದ್ಯಮದಿಂದ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ತಿರುವಾಂಕೂರು ಕಡೆಯಿಂದ ಬಂದು ಕಡಬ, ನೆಲ್ಯಾಡಿಗಳ ಗುಡ್ಡಗಳಲ್ಲಿ ರಬ್ಬರು ಬೆಳೆಸಿದ ಮಲಯಾಳಿ ಕ್ರೈಸ್ತರಿದ್ದಾರೆ. 2010ರಲ್ಲಿ ಮಲಂಕರ ಕಥೋಲಿಕರಿಗೆ ಪುತ್ತೂರಿನ ಹೆಸರಿನಲ್ಲೇ ಧರ್ಮಪ್ರಾಂತವೊಂದು ಏರ್ಪಟ್ಟಿತು. ಇವರಲ್ಲಿ ಬಹುಮಂದಿ ಬೇಸಾಯದಿಂದ, ಅದರಲ್ಲಿಯೂ ಕಾಡಿನ ಅಂಚಿನ ಬೇಸಾಯದಿಂದ, ಬಾಳತಕ್ಕವರು.

ಆ ಅಂಚಿನಲ್ಲಿಯೇ ಇಂದು ಸಂಕಟವಿದೆ. 2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯ ಬಳಿ ಕಾಡಾನೆಯು ಇಬ್ಬರನ್ನು ಕೊಂದಿತು. ಘಟ್ಟದ ರಕ್ಷಣೆಯ ಕುರಿತು ಕಸ್ತೂರಿರಂಗನ್ ಸಮಿತಿಯು 2013ರಲ್ಲಿ ಒಪ್ಪಿಸಿದ ವರದಿಯ ಪಟ್ಟಿಯಲ್ಲಿ ಈ ಸೀಮೆಯ ಹಲವು ಗ್ರಾಮಗಳಿವೆ. ಜಮೀನಿನ ದಾಖಲೆ ನೆಟ್ಟಗಿಲ್ಲದ ಬಡ ರೈತನಿಗೆ ಆ ವರದಿಯ ಹೆಸರು ಕೇಳಿದೊಡನೆ ಎದೆ ನಡುಗುವುದು ಸಹಜ. ಆದರೆ ಸಮಿತಿಯು ನಿಷೇಧಿಸಬೇಕೆಂದುದು ಗಣಿ, ಕಲ್ಲುಕೋರೆ, ಮರಳುಗಾರಿಕೆ, ಉಗ್ರಮಾಲಿನ್ಯದ ಕೈಗಾರಿಕೆ, 20,000 ಚದರ ಮೀಟರಿಗೆ ಮೀರಿದ ಕಟ್ಟಡ ಮುಂತಾದವನ್ನೇ ಹೊರತು ಅಡಿಕೆ-ರಬ್ಬರುಗಳ ಕೃಷಿಯನ್ನಲ್ಲ. ಈ ಭೇದವನ್ನು ಜನರಿಗೆ ಬಿಡಿಸಿ ಹೇಳುವ ಧೈರ್ಯ ರಾಜಕೀಯ ಪಕ್ಷಗಳಿಗಿಲ್ಲ. ನೆರೆಯ ಕೇರಳದ ಇಡುಕ್ಕಿಯಲ್ಲಿ ಧರ್ಮಸಭೆಯೇ ವರದಿಯ ವಿರೋಧಕ್ಕೆ ಮುಂದಾಳಾಯಿತು. ಹಿಂಡಿನ ಭಯವನ್ನು ಕೇಳುವುದು ಕುರುಬನ ಧರ್ಮ, ನಿಜ. ಆ ಭಯವನ್ನೇ ಧರ್ಮೋಪದೇಶವಾಗಿ ಮಾಡುವುದು ಧರ್ಮವಲ್ಲ.

ಕ್ರೈಸ್ತಶಾಸ್ತ್ರವು ಈ ವಿಷಯದಲ್ಲಿ ಬಡವಾದುದಲ್ಲ. ಬೈಬಲಿನ ಮೊದಲನೆಯ ಕಾಂಡದಲ್ಲಿ ಮನುಷ್ಯನಿಗೆ ಭೂಮಿಯ ಮೇಲೆ ಅಧಿಕಾರವುಂಟೆಂಬ ಮಾತಿರುವಂತೆಯೇ, ಅವನನ್ನು ತೋಟವನ್ನು ಕೃಷಿಮಾಡಿ ಕಾಯುವುದಕ್ಕಾಗಿ ಇರಿಸಲಾಯಿತೆಂಬ ಮಾತೂ ಇದೆ. ಫ್ರಾನ್ಸಿಸ್ ಪೋಪರು 2015ರ ‘ಲೌದಾತೋ ಸೀ’ ಎಂಬ ವಿಶ್ವಪತ್ರದಲ್ಲಿ ಎರಡನೆಯ ಮಾತಿನ ಬೆಳಕಿನಲ್ಲಿಯೇ ಮೊದಲನೆಯದನ್ನು ಅರ್ಥೈಸಬೇಕೆಂದು ವಿಧಿಸಿ, ನೆಲದ ಮೊರೆಯನ್ನೂ ಬಡವರ ಮೊರೆಯನ್ನೂ ಬೇರ್ಪಡಿಸಲಾಗದೆಂದು ತೋರಿಸಿದರು.

ಈ ತತ್ತ್ವವು ನಮ್ಮ ಜಿಲ್ಲೆಯ ಒಕ್ಕಲಿಗನಿಗೆ ಪರಕೀಯವೂ ಅಲ್ಲ. ಕುಮ್ಕಿಯೆಂದರೇನೆಂಬುದನ್ನು ಅವನಿಗೆ ಕಲಿಸಬೇಕಾದುದಿಲ್ಲ: ವರ್ಗ ಜಮೀನಿಗೆ ತಾಗಿದ ಸರಕಾರಿ ನೆಲ, ಸೊಪ್ಪು, ಸೌದೆ, ಹುಲ್ಲು ಅವನಿಗೆ, ಒಡೆತನ ಅವನದಲ್ಲ. ಭೂಮಿಯ ಮೇಲೆ ಮನುಷ್ಯನಿಗಿರುವುದು ಕುಮ್ಕಿಯ ಹಕ್ಕೇ ಹೊರತು ವರ್ಗದ ಹಕ್ಕಲ್ಲವೆಂದು ಪಾದ್ರಿಯೊಬ್ಬರು ಕನ್ನಡದಲ್ಲಿ ಹೇಳಿದರೆ, ಗೌಡರು, ಬಂಟರು, ಬ್ಯಾರಿಗಳು, ಬ್ರಾಹ್ಮಣರು ಎಲ್ಲರೂ ತಲೆದೂಗುವರು. ಕೊಂಕಣಿಯಲ್ಲಿ ಯಾ ಮಲಯಾಳದಲ್ಲಿ ಪ್ರಾರ್ಥನೆ ನಡೆಯಲಿ, ನಮಗೆ ಆಕ್ಷೇಪವಿಲ್ಲ. ಪಂಚಾಯತಿಯ ಗ್ರಾಮಸಭೆಗೆ ಆಡಬೇಕಾದ ಮಾತು ಮಾತ್ರ ನಾಡಿನ ನುಡಿಯಲ್ಲಿರಬೇಕು. ಆ ಮಾತು ಮೊದಲು ತಮ್ಮವರಿಗೇ ತಗಲಬೇಕು: ಕೋರೆಯ ಒಡೆಯನು ಇಗರ್ಜಿಯ ದಾನಿಯಾಗಿದ್ದರೆ ಅವನಿಗೂ, ಕೂಲಿಯನ್ನು ಕಡಿಮೆಮಾಡುವ ತೋಟದ ಯಜಮಾನನಿಗೂ.

ತ್ಯಾಗದಿಂದ ಬಂದ ಮಾತಿಗೇ ಸಾರ್ವಜನಿಕದಲ್ಲಿ ಬೆಲೆ. 1949ರಲ್ಲಿ ರಾಜ್ಯಾಂಗಸಭೆಯು ಮತೀಯ ಅಲ್ಪಸಂಖ್ಯಾತರ ಮೀಸಲು ಸ್ಥಾನಗಳನ್ನು ಕೈಬಿಟ್ಟಾಗ, ಮಂಗಳೂರಿನಲ್ಲಿ ಹುಟ್ಟಿದ ಜೆಸುಯಿಟ್ ಪಾದ್ರಿ ಜೆರೋಮ್ ಡಿಸೋಜರು ಆ ನಿರ್ಣಯವನ್ನು ಬೆಂಬಲಿಸಿದರು. ತಮ್ಮವರ ಪಾಲನ್ನು ಬಿಟ್ಟುಕೊಟ್ಟು ಸಮಸ್ತ ರಾಷ್ಟ್ರದ ವಿಶ್ವಾಸವನ್ನು ಬೇಡಿದ ಆ ನಡತೆಯೇ ಇಂದಿಗೂ ಮಾದರಿ.

ಇದು ಕ್ರೈಸ್ತರಿಗೆ ಮಾತ್ರ ಸಲ್ಲುವ ಬುದ್ಧಿವಾದವೆಂದು ಇತರರು ಸುಮ್ಮನಿರಲಾಗದು. ಕಾಡನ್ನು ಒತ್ತಿದವರು ಎಲ್ಲ ಮತಗಳಲ್ಲಿಯೂ ಇದ್ದಾರೆ. ಯಾವ ಪೀಠದಿಂದ ಮೊದಲು ನಿಷ್ಠುರ ಸತ್ಯ ಹೊರಡುವುದೋ ಆ ಪೀಠವನ್ನು ಮೂರು ತಾಲೂಕುಗಳ ಜನರೂ ಗೌರವಿಸುವರು. ಅದು ಇಗರ್ಜಿಯ ಪೀಠವಾದರೆ ನಮಗೆ ಸಂತೋಷವೇ.