ಮೊದಲ ಖರ್ಚು ಮುಳ್ಳಿಗೆ

ಎಲ್‌ಪಿ ರೆಕಾರ್ಡಿನ ಮೊದಲ ಹಾಡು ಚೆನ್ನಾಗಿ ಕೇಳಿಸುತ್ತದೆ, ಕೊನೆಯದು ಕೊಂಚ ಒರಟು. ‘ಸ’ಕಾರ, ‘ಶ’ಕಾರ ಬಂದಲ್ಲೆಲ್ಲ ಬುಸುಗುಟ್ಟುತ್ತದೆ. ಎಲ್ಲರೂ ಬೈಯುವುದು ಸ್ಪೀಕರನ್ನು. ಪಾಪ, ಅದರದೇನೂ ತಪ್ಪಿಲ್ಲ.

ತಟ್ಟೆ ತಿರುಗುವುದು ನಿಮಿಷಕ್ಕೆ 33⅓ ಸುತ್ತು. ಆ ವೇಗದಲ್ಲಿ ಅಂಚಿನ ಬಳಿ ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗ್ರೂವ್ ಸರಿದುಹೋಗುತ್ತದೆ, ನಡುವಿನ ಲೇಬಲ್ ಹತ್ತಿರ ಬಂದಾಗ 20 ಸೆಂ.ಮೀ. ಆಸುಪಾಸು. ಅಲ್ಲಿ ಸೆಕೆಂಡಿಗೆ 10,000 ಸಲ ಕಂಪಿಸುವ ಸ್ವರದ ಒಂದು ಅಲೆಗೆ ಸಿಗುವ ಜಾಗ ಬರೀ 20 ಮೈಕ್ರಾನ್. ಅಗ್ಗದ ಮುಳ್ಳಿನ ದುಂಡು ತುದಿಯ ತ್ರಿಜ್ಯವೇ 18 ಮೈಕ್ರಾನ್‌ನಷ್ಟಿರುತ್ತದೆ. ಅಷ್ಟು ಇಕ್ಕಟ್ಟಿನ ತಿರುವಿಗೆ ಅದು ಇಳಿಯುವುದಾದರೂ ಹೇಗೆ? ಅಂಡಾಕಾರದ ತುದಿಯ ಮುಳ್ಳು ಪಕ್ಕಗಳಲ್ಲಿ ಇನ್ನೂ ತೆಳು. ಒಳಗಿನ ತಿರುವುಗಳನ್ನು ಅದು ಹೆಚ್ಚು ನಿಷ್ಠೆಯಿಂದ ಅನುಸರಿಸುತ್ತದೆ. ಮುಳ್ಳು ಓದದೆ ಬಿಟ್ಟದ್ದನ್ನು ಎಷ್ಟೇ ದುಬಾರಿ ಆಂಪ್ಲಿಫೈಯರ್ ಆದರೂ ತಂದುಕೊಡಲಾರದು. ಕೈಯಲ್ಲಿ ಸೀಮಿತ ದುಡ್ಡಿದ್ದರೆ ಮೊದಲು ಇಲ್ಲಿ ಸುರಿಯಿರಿ. ಮುಳ್ಳು ಕೂರುವ ಡಬ್ಬಿಯೇ ಕಾರ್ಟ್ರಿಜ್; ಎಷ್ಟೋ ಕಾರ್ಟ್ರಿಜ್‌ಗಳಲ್ಲಿ ಮುಳ್ಳನ್ನಷ್ಟೇ ಎಳೆದು ತೆಗೆದು ಬೇರೆಯದನ್ನು ಸಿಕ್ಕಿಸಬಹುದು.

ಮುಂದಿನದು ಭಾರ. ಮುಳ್ಳು ಹೊತ್ತ ತೋಳಿನ ಹಿಂಬದಿಯ ತೂಕದ ಬಿಲ್ಲೆಯನ್ನು ತಿರುಗಿಸುತ್ತ ಹೋದರೆ, ಒಂದು ಹಂತದಲ್ಲಿ ತೋಳು ಮೇಲಕ್ಕೂ ಏಳದೆ ಕೆಳಕ್ಕೂ ಬೀಳದೆ ತೇಲುತ್ತದೆ. ಅದನ್ನೇ ಸೊನ್ನೆ ಎಂದಿಟ್ಟುಕೊಂಡು, ಕಾರ್ಟ್ರಿಜ್ ತಯಾರಕರು ಹೇಳಿದಷ್ಟು ಭಾರ ಕೊಡಬೇಕು. ಸಾಮಾನ್ಯವಾಗಿ ಅದು 2 ಗ್ರಾಂ ಆಚೀಚೆ. ರೆಕಾರ್ಡ್ ಸವೆದೀತೆಂದು ಇನ್ನೂ ಹಗುರ ಮಾಡುವವರಿದ್ದಾರೆ. ಆಗ ಮುಳ್ಳು ಗೋಡೆ ಬಿಟ್ಟು ಬಿಟ್ಟು ಕುಪ್ಪಳಿಸುತ್ತದೆ, ಗ್ರೂವ್ ಕೆಡುವುದು ಹಾಗೆಯೇ. ನೋಡಲು ಮುದ್ದಾಗಿರುವ ಸೂಟ್‌ಕೇಸ್ ಪ್ಲೇಯರ್‌ಗಳಲ್ಲಿ ಸಾಮಾನ್ಯವಾಗಿ ಈ ಬಿಲ್ಲೆಯೇ ಇರುವುದಿಲ್ಲ. ಸೆರಾಮಿಕ್ ಕಾರ್ಟ್ರಿಜ್ ತನ್ನ ಪಾಡಿಗೆ ಭಾರವಾಗಿ ಕೂತಿರುತ್ತದೆ. ನನ್ನನ್ನು ಕೇಳಿದರೆ, ಬೇಡ.

ಸಾಮಾನ್ಯ ಕಾರ್ಟ್ರಿಜ್‌ನಿಂದ ಹೊರಡುವ ವಿದ್ಯುತ್ತು 5 ಮಿಲಿವೋಲ್ಟ್ ಆಸುಪಾಸು ಅಷ್ಟೆ. ಸಾಲದ್ದಕ್ಕೆ ರೆಕಾರ್ಡಿನ ಧ್ವನಿಯನ್ನೇ ಬೇಕೆಂದು ವಕ್ರ ಮಾಡಿ ಕೊರೆದಿರುತ್ತಾರೆ. ತಗ್ಗು ಸ್ವರ ಹಿಗ್ಗಿದರೆ ಗ್ರೂವ್‌ಗಳು ಒಂದಕ್ಕೊಂದು ತಾಕುತ್ತವೆ, ಅದಕ್ಕೇ ಅದನ್ನು ಕುಗ್ಗಿಸುತ್ತಾರೆ. ತಾರ ಸ್ವರ ಸರಸರ ಸದ್ದಿನಲ್ಲಿ ಮುಳುಗಬಾರದೆಂದು ಎತ್ತುತ್ತಾರೆ. 1954ರಲ್ಲಿ ಅಮೆರಿಕದ ರೆಕಾರ್ಡ್ ಉದ್ಯಮ ಇದಕ್ಕೊಂದು ಲೆಕ್ಕ ಗೊತ್ತುಮಾಡಿತು, ಆರ್‌ಐಎಎ ಎಂದೇ ಅದರ ಹೆಸರು. ಫೋನೋ ಪ್ರೀಆಂಪ್ ಇದನ್ನು ತಿರುಗಾಮುರುಗಾ ಮಾಡಿ ಮೂಲ ಧ್ವನಿಗೆ ತರುತ್ತದೆ. ಅದಿಲ್ಲದೆ ವೈರನ್ನು ನೇರ ಆಂಪ್ಲಿಫೈಯರಿನ ‘ಆಕ್ಸ್’ಗೆ ಚುಚ್ಚಿದರೆ ಹಾಡು ಸೊಳ್ಳೆಯಂತೆ ಗುಂಯ್‌ಗುಡುತ್ತದೆ. ಅಗ್ಗದ ಟರ್ನ್‌ಟೇಬಲ್‌ಗಳಲ್ಲಿ ಅನೇಕಕ್ಕೆ ಪ್ರೀಆಂಪ್ ಒಳಗೇ ಇರುತ್ತದೆ. ಹಿಂದುಗಡೆಯ ಸ್ವಿಚ್ ‘ಲೈನ್’ನಲ್ಲಿದ್ದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ. ಆಗ ಆಂಪ್ಲಿಫೈಯರಿನ ‘ಫೋನೋ’ ತೂತಿಗೆ ಕೊಡಕೂಡದು, ಎರಡೆರಡು ಸಲ ತಿದ್ದಿದ ಹಾಡು ಗುಡುಗತೊಡಗುತ್ತದೆ.

ಅಟ್ಟದಲ್ಲಿ ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತಿನ ತಟ್ಟೆಗಳಿದ್ದರೆ ಅವಕ್ಕೆ ಬೇರೆ ಮುಳ್ಳೇ ಬೇಕು. ಕಲ್ಕತ್ತಾದಲ್ಲಿ 1902ರಲ್ಲಿ ರೆಕಾರ್ಡಿಗೆ ಹಾಡಿ, 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಗಾಯಕಿ ಗೌಹರ್ ಜಾನ್‌ರ ಕಾಲದ ಆ ಅರಗಿನ ತಟ್ಟೆಗಳ ಗ್ರೂವ್ ಬಹಳ ಅಗಲ. ಎಲ್‌ಪಿಯ ಸಪೂರ ಮುಳ್ಳು ಅದರ ತಳಕ್ಕೆ ಜಾರಿ, ಅಲ್ಲಿ ಕೂತ ಧೂಳನ್ನೇ ಹೆಚ್ಚಾಗಿ ಹಾಡುತ್ತದೆ.