ಗ್ಯಾಸ್ ಮೆಕ್ಯಾನಿಕ್‌ಗೆ ಯಾವುದು ಹಿತ: ಊರೂರು ಸುತ್ತುವ ಸಂಬಳದ ಕೆಲಸವೋ, ಸ್ವಂತ ಉದ್ಯೋಗವೋ?

ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಬೆಂಗಳೂರು–ತುಮಕೂರು ಹೆದ್ದಾರಿಯ ಮೇಲಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಯ ಕಡೆಗೆ ಹೋಗುವ ಹೆದ್ದಾರಿ ಕವಲೊಡೆಯುವುದೂ ಇಲ್ಲೇ. ಪಕ್ಕದಲ್ಲಿ ಸೋಂಪುರ ಕೈಗಾರಿಕಾ ಪ್ರದೇಶವಿದೆ. ಕಾರ್ಖಾನೆಯ ಬರ್ನರ್, ಕ್ಯಾಂಟೀನಿನ ಗ್ಯಾಸ್ ಬ್ಯಾಂಕ್, ಹೆದ್ದಾರಿ ಹೋಟೆಲಿನ ಒಲೆ, ಮನೆಯ ಸಿಲಿಂಡರ್ ಎಲ್ಲಕ್ಕೂ ಗ್ಯಾಸ್ ಕೆಲಸ ಬಲ್ಲವರು ಬೇಕು. ದಾಭೋಲ್–ಬೆಂಗಳೂರು ಕೊಳವೆಮಾರ್ಗ 2013ರಲ್ಲಿ ಬಂದ ಮೇಲೆ ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳಲ್ಲಿ ಗೇಲ್ ಗ್ಯಾಸ್ ಸಂಸ್ಥೆಯ ಕೊಳವೆ ಅನಿಲದ ಕೆಲಸವೂ ಇದಕ್ಕೆ ಸೇರಿತು. ಐಟಿಐ ಮುಗಿಸಿ ಈ ಕಸುಬಿಗೆ ಬಂದವರ ಮುಂದೆ ಎರಡು ದಾರಿಗಳಿವೆ: ಕಂಪನಿಯ ಸಂಬಳಕ್ಕೆ ಊರೂರು ಸುತ್ತುವುದು, ಇಲ್ಲವೇ ಸ್ವಂತವಾಗಿ ದುಡಿಯುವುದು. ಎರಡರ ಬಗೆಗೂ ಹಲವು ತಪ್ಪು ಕಲ್ಪನೆಗಳಿವೆ.

ತಪ್ಪು ಕಲ್ಪನೆ 1: ಸಂಬಳ 20,000, ಸ್ವಂತ ದುಡಿಮೆ 30,000, ಹಾಗಾಗಿ ಸ್ವಂತದ್ದೇ ಲಾಭ.

ಸತ್ಯ: ಕೈಗೆ ಬರುವ ಹಣವನ್ನು ಮಾತ್ರ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ತಿಂಗಳಿಗೆ 20,000 ರೂಪಾಯಿ ಸಂಬಳ, ಅದರಲ್ಲಿ ಮೂಲ ವೇತನ 15,000 ಎಂದಿಟ್ಟುಕೊಳ್ಳೋಣ. ಮಾಲೀಕರು ತಮ್ಮ ಪಾಲಿನ ಪಿಎಫ್ ಶೇ 12ರಂತೆ 1,800 ರೂಪಾಯಿ, ಇಎಸ್‌ಐ ಶೇ 3.25ರಂತೆ 650 ರೂಪಾಯಿ ಕಟ್ಟುತ್ತಾರೆ. ವರ್ಷಕ್ಕೆ ಹದಿನೈದು ದಿನದ ವೇತನದ ಲೆಕ್ಕದಲ್ಲಿ ಗ್ರಾಚ್ಯುಟಿ ಸುಮಾರು 8,650 ಆಗುತ್ತದೆ. ಎಲ್ಲ ಕೂಡಿದರೆ ವರ್ಷಕ್ಕೆ 2.78 ಲಕ್ಷ ರೂಪಾಯಿ. ಇದರ ಮೇಲೆ ಸಂಬಳ ಸಹಿತ ರಜೆಯೂ ಉಂಟು.

ಸ್ವಂತ ದುಡಿಮೆಯ 30,000 ವರ್ಷಕ್ಕೆ 3.6 ಲಕ್ಷವಾಗುತ್ತದೆ. ದಿನಕ್ಕೆ 60 ಕಿಲೋಮೀಟರ್ ಬೈಕ್ ಓಡಿಸಿ, ಲೀಟರಿಗೆ 45 ಕಿಲೋಮೀಟರ್ ಮೈಲೇಜ್ ಸಿಕ್ಕು, ಪೆಟ್ರೋಲ್ 100 ರೂಪಾಯಿ ಇದ್ದರೆ 280 ದಿನಗಳಿಗೆ ಸುಮಾರು 37,000 ರೂಪಾಯಿ ಖರ್ಚು. 2,500 ರೂಪಾಯಿ ಬಾಡಿಗೆಯ ಸಣ್ಣ ಮಳಿಗೆಗೆ ವರ್ಷಕ್ಕೆ 30,000. ಉಳಿಯುವುದು 2.93 ಲಕ್ಷ. ಮೊದಲು 1.2 ಲಕ್ಷದಷ್ಟು ಕಂಡ ಅಂತರ ಈಗ ಸುಮಾರು 15,000ಕ್ಕೆ ಇಳಿಯಿತು. ಬೈಕ್ ಸರ್ವಿಸ್, ಉಪಕರಣ, ಆರೋಗ್ಯ ವಿಮೆ, ವಸೂಲಾಗದ ಬಾಕಿಗಳನ್ನು ಇನ್ನೂ ಕಳೆದಿಲ್ಲ. ಅಂದರೆ ಈ ಸಂಬಳವನ್ನು ಬಿಟ್ಟು ಹೊರಬರುವವರಿಗೆ ತಿಂಗಳ ವಸೂಲಿ 30,000 ಸಾಲದು.

ತಪ್ಪು ಕಲ್ಪನೆ 2: ಕಂಪನಿಯ ಹೆಸರಿನ ಟೀ-ಶರ್ಟ್ ಹಾಕಿದವರೆಲ್ಲ ಕಂಪನಿಯ ನೌಕರರು.

ಸತ್ಯ: ದೊಡ್ಡ ಕಂಪನಿಗಳ ಮನೆಮನೆ ಕೆಲಸ ಬಹುಮಟ್ಟಿಗೆ ಗುತ್ತಿಗೆದಾರರ ಮೂಲಕ ನಡೆಯುತ್ತದೆ. ಸಂಬಳ, ಪಿಎಫ್, ರಜೆ ಯಾರ ಹೊಣೆ ಎಂಬುದು ನೇಮಕಾತಿ ಪತ್ರದಿಂದ ತಿಳಿಯುತ್ತದೆ, ಬಟ್ಟೆಯ ಮೇಲಿನ ಹೆಸರಿನಿಂದಲ್ಲ. ಪಿಎಫ್ ಕಾನೂನು ಇಪ್ಪತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗೆ, ಇಎಸ್‌ಐ ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗೆ ಅನ್ವಯಿಸುತ್ತದೆ. ಆರೇಳು ಜನರ ಗುತ್ತಿಗೆದಾರರಲ್ಲಿ ಕೆಲಸಕ್ಕೆ ಸೇರಿದವರಿಗೆ ಎರಡೂ ಸಿಗದಿರಬಹುದು. ಆಗ ಮೇಲಿನ ಲೆಕ್ಕದ ಸಂಬಳದ ಬದಿ ತೆಳುವಾಗುತ್ತದೆ. ಪಿಎಫ್ ಖಾತೆಯ ಯುಎಎನ್ ಸಂಖ್ಯೆ ಪಡೆದು, ಪ್ರತಿ ತಿಂಗಳು ಹಣ ಜಮೆಯಾಗಿದೆಯೇ ಎಂದು ಪಾಸ್‌ಬುಕ್ಕಿನಲ್ಲಿ ನೋಡಿಕೊಳ್ಳುವುದು ಅಗತ್ಯ. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷದ ಸತತ ಸೇವೆ ಬೇಕು. ನಿಶ್ಚಿತ ಅವಧಿಯ ನೌಕರರಿಗೆ 2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆ ಒಂದು ವರ್ಷಕ್ಕೇ ಆ ಹಕ್ಕು ಕೊಟ್ಟಿದೆ.

ತಪ್ಪು ಕಲ್ಪನೆ 3: ಬೈಕಿಗೆ ಇನ್ಶೂರೆನ್ಸ್ ಇದ್ದರೆ ದಾರಿಯ ಅಪಘಾತಕ್ಕೆ ಭಯವಿಲ್ಲ.

ಸತ್ಯ: ಈ ಕಸುಬಿನವರ ದಿನದ ದೊಡ್ಡ ಪಾಲು ರಸ್ತೆಯ ಮೇಲೆಯೇ ಕಳೆಯುತ್ತದೆ. ಥರ್ಡ್ ಪಾರ್ಟಿ ವಿಮೆ ಎದುರಿನವರ ನಷ್ಟಕ್ಕೆ ಮಾತ್ರ. ವಾಹನದ ಮಾಲೀಕರೇ ಓಡಿಸುವಾಗ ಇರಬೇಕಾದ 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಅನ್ವಯಿಸುತ್ತದೆ. ಕಾಲು ಮುರಿದು ಎರಡು ತಿಂಗಳು ಮನೆಯಲ್ಲಿ ಕೂತರೆ ಅದರಿಂದ ದಿನಗೂಲಿ ಬರುವುದಿಲ್ಲ. ಇಎಸ್‌ಐ ಇರುವ ನೌಕರರಿಗೆ ಕೆಲಸದಲ್ಲಿ ಪೆಟ್ಟಾದರೆ ಚಿಕಿತ್ಸೆಯ ಜೊತೆಗೆ ವೇತನದ ಸುಮಾರು ಶೇ 90ರಷ್ಟು ಪರಿಹಾರ ಸಿಗುತ್ತದೆ. ಮನೆಯಿಂದ ಕೆಲಸಕ್ಕೆ ಹೋಗಿಬರುವಾಗಿನ ಅಪಘಾತವನ್ನೂ, ಅದು ಕೆಲಸಕ್ಕೆ ಸಂಬಂಧಿಸಿದ್ದೆಂದು ತೋರಿದರೆ, ಕಾನೂನು ಪರಿಗಣಿಸುತ್ತದೆ. ಸ್ವಂತ ಉದ್ಯೋಗಿಗಳು ಇದಕ್ಕೆಲ್ಲ ತಾವೇ ವಿಮೆ ಕೊಳ್ಳಬೇಕು. ಅದರ ಕಂತು ಐಚ್ಛಿಕವಲ್ಲ, ಕಸುಬಿನ ಖರ್ಚೇ ಹೌದು.

ತಪ್ಪು ಕಲ್ಪನೆ 4: ಗ್ಯಾಸ್ ಅಂಗಡಿ ಇಡಲು ಯಾರ ಅಪ್ಪಣೆಯೂ ಬೇಡ.

ಸತ್ಯ: ಬ್ರಿಟನ್ನಿನಲ್ಲಿ ‘ಗ್ಯಾಸ್ ಸೇಫ್ ರಿಜಿಸ್ಟರ್’ನಲ್ಲಿ ಹೆಸರಿಲ್ಲದವರು ಗ್ಯಾಸ್ ಕೆಲಸವನ್ನು ಕಸುಬಾಗಿ ಮಾಡುವಂತಿಲ್ಲ. ಭಾರತದಲ್ಲಿ ಒಲೆ ರಿಪೇರಿಯವರಿಗೆ ಅಂಥ ಒಂದೇ ರಾಷ್ಟ್ರೀಯ ನೋಂದಣಿ ಇಲ್ಲ. ಆದರೂ ನಿಯಮಗಳಿವೆ. 100 ಕೆ.ಜಿ.ಗಿಂತ ಹೆಚ್ಚು ಎಲ್‌ಪಿಜಿಯನ್ನು ಸಿಲಿಂಡರುಗಳಲ್ಲಿ ದಾಸ್ತಾನಿಡಲು 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಪರವಾನಗಿ ಬೇಕು. ಮನೆಬಳಕೆಯ 14.2 ಕೆ.ಜಿ. ಸಿಲಿಂಡರನ್ನು ಹೋಟೆಲಿಗೆ ಜೋಡಿಸುವುದು, ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಗ್ಯಾಸ್ ತುಂಬಿಕೊಡುವುದು ಕಾನೂನುಬಾಹಿರ. ಹೊರಗಿನಿಂದ ಬಂದ ಕಾರ್ಮಿಕರು ಹೆಚ್ಚಿರುವ ಕೈಗಾರಿಕಾ ಊರುಗಳಲ್ಲಿ ಸಣ್ಣ ಸಿಲಿಂಡರಿಗೆ ಬೇಡಿಕೆ ಇರುವುದರಿಂದ ಹೀಗೆ ತುಂಬಿಕೊಡುವ ಆಸೆ ಬಲವಾಗಿರುತ್ತದೆ. ಇದು ಅಗತ್ಯ ವಸ್ತುಗಳ ಕಾಯ್ದೆಯಡಿ ಜೈಲಿಗೆ ದಾರಿ. ಅದಕ್ಕಿಂತ ಹೆಚ್ಚಾಗಿ ಪ್ರಾಣಾಪಾಯ. ಇಂಥ ಗಳಿಕೆಯನ್ನು ಸ್ವಂತ ಉದ್ಯೋಗದ ಆದಾಯದಲ್ಲಿ ಎಣಿಸಬಾರದು.

ತಪ್ಪು ಕಲ್ಪನೆ 5: ಸಿಲಿಂಡರ್ ಒಲೆ ಬಲ್ಲವರಿಗೆ ಎಲ್ಲ ಗ್ಯಾಸೂ ಒಂದೇ.

ಸತ್ಯ: ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಹರಡುತ್ತದೆ. ಕೊಳವೆಯ ನೈಸರ್ಗಿಕ ಅನಿಲ ಹಗುರ, ಮೇಲೇರುತ್ತದೆ. ಮನೆಯ ಒಲೆಗೆ ಎಲ್‌ಪಿಜಿ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ, ಕೊಳವೆ ಅನಿಲ 21 ಮಿಲಿಬಾರ್ ಒತ್ತಡದಲ್ಲಿ ಬರುತ್ತದೆ. ಅಷ್ಟೇ ಗಾತ್ರದ ಕೊಳವೆ ಅನಿಲದಲ್ಲಿ ಶಾಖವೂ ಕಡಿಮೆ. ಆದ್ದರಿಂದ ಸಿಲಿಂಡರ್ ಒಲೆಯನ್ನು ಕೊಳವೆ ಅನಿಲಕ್ಕೆ ಬದಲಿಸುವಾಗ ದೊಡ್ಡ ರಂಧ್ರದ ಹೊಸ ಜೆಟ್ ಹಾಕಬೇಕು. ಹಳೆಯ ಜೆಟ್ಟನ್ನೇ ಸೂಜಿಯಿಂದ ಅಗಲಿಸಿದರೆ ರಂಧ್ರ ಅಂಕುಡೊಂಕಾಗಿ ಉರಿ ಹಳದಿಯಾಗುತ್ತದೆ, ಪಾತ್ರೆಯ ತಳ ಮಸಿಯಾಗುತ್ತದೆ, ವಿಷಕಾರಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಕೆಲಸ ಮುಗಿದ ಮೇಲೆ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಲೇಬೇಕು. ಮೀಟರಿನವರೆಗಿನ ಕೊಳವೆ ವಿತರಣಾ ಸಂಸ್ಥೆಯದು. ಹೊರಗಿನವರು ಅದನ್ನು ಮುಟ್ಟುವಂತಿಲ್ಲ. ಈ ವ್ಯತ್ಯಾಸಗಳನ್ನು ಕಲಿಸಲು ಕಂಪನಿಯ ತರಬೇತಿಯಷ್ಟು ಒಳ್ಳೆಯ ಶಾಲೆ ಸಿಗುವುದು ಕಷ್ಟ. ಸ್ವಂತಕ್ಕೆ ಇಳಿದ ಮೇಲೆ ಕೆಲಸ ಕೆಟ್ಟರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಉತ್ತರ ಕೊಡಬೇಕಾದವರೂ ಮೆಕ್ಯಾನಿಕ್‌ಗಳೇ.

ತಪ್ಪು ಕಲ್ಪನೆ 6: ಕೆಲಸ ಬಿಟ್ಟ ಮೇಲೆ ಅದೇ ಊರಿನಲ್ಲಿ ಅದೇ ಕಸುಬು ಮಾಡಬಾರದು ಎಂದು ಸಹಿ ಹಾಕಿಸಿಕೊಂಡಿದ್ದರೆ ದಾರಿ ಮುಚ್ಚಿತು.

ಸತ್ಯ: 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ವೃತ್ತಿಯನ್ನು ತಡೆಯುವ ಕರಾರು ಊರ್ಜಿತವಲ್ಲ. ನೌಕರಿ ಮುಗಿದ ಮೇಲೆ ಅದೇ ಕಸುಬಿನಲ್ಲಿ ದುಡಿಯುವ ಹಕ್ಕು ಉಳಿದೇ ಇರುತ್ತದೆ. ಆದರೆ ನೌಕರಿಯಲ್ಲಿದ್ದುಕೊಂಡೇ ಕಂಪನಿಯ ಗ್ರಾಹಕರಿಂದ ಹೊರಗಿನ ಕೆಲಸ ಹಿಡಿಯುವುದು, ಗ್ರಾಹಕರ ಪಟ್ಟಿ ಒಯ್ಯುವುದು ಬೇರೆ ಮಾತು. ತರಬೇತಿಯ ಖರ್ಚಿಗಾಗಿ ಬರೆಸಿಕೊಂಡ ನ್ಯಾಯಯುತ ಬಾಂಡ್ ಕೂಡ ಊರ್ಜಿತವಾಗಬಹುದು.

ತಪ್ಪು ಕಲ್ಪನೆ 7: ಸೋಂಪುರದಂಥ ಕಡೆ ಕಾರ್ಖಾನೆಯ ಒಂದು ಗುತ್ತಿಗೆ ಸಿಕ್ಕರೆ ಸಾಕು.

ಸತ್ಯ: ದೊಡ್ಡ ಕಾರ್ಖಾನೆಗಳು ಸಾಮಾನ್ಯವಾಗಿ ಒಬ್ಬಂಟಿ ಮೆಕ್ಯಾನಿಕ್‌ಗಳಿಂದಲೂ ಜಿಎಸ್‌ಟಿ ಬಿಲ್, ವಿಮೆಯ ಪತ್ರ, ಸುರಕ್ಷತಾ ತರಬೇತಿಯ ದಾಖಲೆ ಕೇಳುತ್ತವೆ, ಹಣವನ್ನು ತಡವಾಗಿ ಕೊಡುತ್ತವೆ. ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ರೂಪಾಯಿ ಮೀರುವವರೆಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲ. ಕಾರ್ಖಾನೆ ಕೇಳಿದರೆ ಸ್ವಇಚ್ಛೆಯಿಂದ ಪಡೆಯಬಹುದು. ಉದ್ಯಮ್ ನೋಂದಣಿ ಉಚಿತ. ಅದು ಇದ್ದರೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಡಿ ಬಿಲ್ಲಿನ ಹಣ ಹೆಚ್ಚೆಂದರೆ 45 ದಿನಗಳಲ್ಲಿ ಬರಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಗೆ ಹಕ್ಕಿದೆ. ಬಿಲ್ಲಿನಲ್ಲಿ ಹಿಡಿಯುವ ಶೇ 1ರ ಟಿಡಿಎಸ್ ಕೈತಪ್ಪಿದ ಹಣವಲ್ಲ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ಅದು ತೆರಿಗೆಗೆ ವಜಾ ಆಗುತ್ತದೆ, ಹೆಚ್ಚಾಗಿದ್ದರೆ ಮರಳಿ ಬರುತ್ತದೆ.

ಒಟ್ಟಿನಲ್ಲಿ, ಪಿಎಫ್, ಇಎಸ್‌ಐ, ತರಬೇತಿ ಮೂರೂ ಇರುವ ನೇರ ನೌಕರಿ ಹೊಸಬರಿಗೆ ಹೆಚ್ಚು ಹಿತ. ಈ ಮೂರೂ ಇಲ್ಲದ, ಪೆಟ್ರೋಲಿನ ಹಣವನ್ನೂ ಸರಿಯಾಗಿ ಕೊಡದ ಗುತ್ತಿಗೆ ಕೆಲಸವಾದರೆ, ಸ್ವಂತ ಉದ್ಯೋಗದ ಅಪಾಯವನ್ನೆಲ್ಲ ಹೊತ್ತೂ ಅದರ ಲಾಭ ಸಿಗುವುದಿಲ್ಲ. ಎರಡು ಬಗೆಯ ಗ್ಯಾಸಿನ ಕೆಲಸ ಬಲ್ಲ, ಆರು ತಿಂಗಳ ಮನೆಖರ್ಚು ಕೈಯಲ್ಲಿರುವ, ಹೋಟೆಲು ಮತ್ತು ಕ್ಯಾಂಟೀನುಗಳ ಕೆಲವು ವಾರ್ಷಿಕ ನಿರ್ವಹಣಾ ಒಪ್ಪಂದಗಳನ್ನು ಕುದುರಿಸಿಕೊಳ್ಳಬಲ್ಲ ಅನುಭವಿಗಳಿಗೆ ಸ್ವಂತ ಉದ್ಯೋಗ ಗಟ್ಟಿಯಾದ ದಾರಿ.