ಹಳೆಯ ಸಮಾಕ್ಷ ಸ್ಪೀಕರಿಗೆ ತಕ್ಕ ಜೊತೆ ಯಾವುದು?

ಸಾಮಾನ್ಯ ಸ್ಪೀಕರ್ ಪೆಟ್ಟಿಗೆಯಲ್ಲಿ ತಗ್ಗು ಸ್ವರಗಳಿಗೆ ಒಂದು ಘಟಕ, ಎತ್ತರದ ಸ್ವರಗಳಿಗೆ ಇನ್ನೊಂದು ಘಟಕ ಬೇರೆ ಬೇರೆ ಜಾಗದಲ್ಲಿರುವುದನ್ನು ನೀವು ನೋಡಿರುತ್ತೀರಿ. ಹತ್ತಿರ ಕುಳಿತು ಕೇಳಿದರೆ ಒಂದೇ ಕಂಠ ಎರಡು ಕಡೆಯಿಂದ ಬಂದಂತೆ ಅನಿಸುವುದುಂಟು. ಈ ತೊಡಕಿಗೆ ಪರಿಹಾರವಾಗಿ ಬಂದದ್ದು ಸಮಾಕ್ಷ ಸ್ಪೀಕರ್. ಇದರಲ್ಲಿ ಎರಡೂ ಘಟಕಗಳು ಒಂದೇ ಅಕ್ಷದ ಮೇಲಿರುತ್ತವೆ. ಅಮೆರಿಕದ ಆಲ್ಟೆಕ್ ಲ್ಯಾನ್ಸಿಂಗ್ ಕಂಪನಿಯ 604 ಮಾದರಿ 1940ರ ದಶಕದಲ್ಲೂ ಬ್ರಿಟನ್ನಿನ ಟ್ಯಾನಾಯ್ ಕಂಪನಿಯ ‘ಡ್ಯುಯಲ್ ಕಾನ್ಸೆಂಟ್ರಿಕ್’ 1947ರಲ್ಲೂ ಬಂದವು. ಧ್ವನಿಮುದ್ರಣ ಸ್ಟುಡಿಯೋಗಳಲ್ಲಿ ದುಡಿದ ಇವುಗಳನ್ನು ದುರಸ್ತಿ ಮಾಡಿ ಕೇಳುವವರು ಇಂದಿಗೂ ಇದ್ದಾರೆ. ಆದರೆ ತಪ್ಪು ಜೊತೆ ಸಿಕ್ಕರೆ, ಅರ್ಧ ಶತಮಾನ ಬಾಳಿದ ಘಟಕ ಒಂದೇ ಸಂಜೆಯಲ್ಲಿ ಸುಟ್ಟುಹೋಗಬಹುದು.

ಟ್ಯಾನಾಯ್ ಸ್ಪೀಕರಿನ ರಚನೆಯನ್ನೇ ಗಮನಿಸಿ. ಎತ್ತರದ ಸ್ವರಗಳ ತೆಳು ಪೊರೆ ಅಯಸ್ಕಾಂತದ ಹಿಂಭಾಗದಲ್ಲಿದೆ. ಅದರ ಧ್ವನಿ ಅಯಸ್ಕಾಂತದ ನಡುವಿನ ರಂಧ್ರದ ಮೂಲಕ ಮುಂದೆ ಬರುತ್ತದೆ. ತಗ್ಗು ಸ್ವರಗಳ ದೊಡ್ಡ ಕಾಗದದ ಶಂಕುವೇ ಅದಕ್ಕೆ ಕಹಳೆಯ ಬಾಯಿಯಾಗುತ್ತದೆ.

ಯಾವ ಆವೃತ್ತಿ ಯಾವ ಘಟಕಕ್ಕೆ ಹೋಗಬೇಕೆಂದು ವಿಂಗಡಿಸುವ ಮಂಡಲವೇ ಕ್ರಾಸ್‌ಓವರ್. ಧಾರಕವು (ಕೆಪಾಸಿಟರ್) ಎತ್ತರದ ಆವೃತ್ತಿಗಳನ್ನು ಸುಲಭವಾಗಿ ಬಿಡುತ್ತದೆ. ತಂತಿಯ ಸುರುಳಿ ತಗ್ಗಿನ ಆವೃತ್ತಿಗಳನ್ನು ಬಿಡುತ್ತದೆ. 1967ರ ‘ಮಾನಿಟರ್ ಗೋಲ್ಡ್’ ಮಾದರಿಯಲ್ಲಿ ವಿಂಗಡಣೆ ಸುಮಾರು 1000 ಹರ್ಟ್ಸ್‌ನಲ್ಲಿ ಆಗುತ್ತದೆ. ಕ್ರಾಸ್‌ಓವರಿಗೆ ಇನ್ನೂ ಎರಡು ಕೆಲಸಗಳಿವೆ: ಎರಡು ಘಟಕಗಳ ಧ್ವನಿಮಟ್ಟವನ್ನು ಸರಿದೂಗಿಸುವುದು ಮತ್ತು ಅವುಗಳ ಅಲೆಗಳು ಒಂದನ್ನೊಂದು ಅಳಿಸದಂತೆ ಕೂಡಿಸುವುದು.

ಹಾಗಾದರೆ ಅಂಗಡಿಯಲ್ಲಿ ಸಿಗುವ ಸಿದ್ಧ ಕ್ರಾಸ್‌ಓವರನ್ನು ಜೋಡಿಸಬಾರದೇ? ಒಂದು ಸರಳ ಲೆಕ್ಕ ಮಾಡೋಣ. ಗೋಲ್ಡ್‌ಗಿಂತ ಹಿಂದಿನ ‘ಮಾನಿಟರ್ ರೆಡ್’ ಮಾದರಿಯ ಇಂಪೀಡೆನ್ಸ್ 15 ಓಮ್. ಗೋಲ್ಡ್‌ನದು 8 ಓಮ್. ಒಂದೇ ಧಾರಕದಿಂದ 1000 ಹರ್ಟ್ಸ್‌ನಲ್ಲಿ ವಿಂಗಡಿಸಲು 8 ಓಮ್ ಘಟಕಕ್ಕೆ ಸುಮಾರು 20 ಮೈಕ್ರೋಫ್ಯಾರಡ್ ಬೇಕು. 15 ಓಮ್ ಘಟಕಕ್ಕೆ ಸುಮಾರು 10.6 ಸಾಕು. 8 ಓಮ್‌ಗೆ ಮಾಡಿದ್ದನ್ನು 15 ಓಮ್ ಘಟಕಕ್ಕೆ ಹಾಕಿದರೆ ವಿಂಗಡಣೆಯ ಬಿಂದು ಸುಮಾರು 530 ಹರ್ಟ್ಸ್‌ಗೆ ಇಳಿಯುತ್ತದೆ. ಅಷ್ಟೇ ಜೋರು ಧ್ವನಿಗೆ ಆವೃತ್ತಿ ಅರ್ಧವಾದರೆ ಪೊರೆಯ ಚಲನೆ ಸ್ಥೂಲವಾಗಿ ನಾಲ್ಕು ಪಟ್ಟಾಗುತ್ತದೆ. ತೆಳು ಪೊರೆ ಇದನ್ನು ತಾಳಲಾರದು. ಆದ್ದರಿಂದ ಮೊದಲು ಮಾದರಿಯ ಹೆಸರನ್ನು ನೋಡಿ. ಕ್ರಾಸ್‌ಓವರ್ ಬಿಚ್ಚಿ ಮಲ್ಟಿಮೀಟರಿನಿಂದ ಸುರುಳಿಯ ರೋಧವನ್ನು ಅಳೆಯಿರಿ. 8 ಓಮ್ ಘಟಕ ಸಾಮಾನ್ಯವಾಗಿ 5ರಿಂದ 7 ಓಮ್ ತೋರಿಸುತ್ತದೆ.

ಸ್ಪೀಕರಿನ ಜೊತೆಗೇ ಬಂದ ಕ್ರಾಸ್‌ಓವರ್ ಇದ್ದರೆ ಅದೇ ಉತ್ತಮ ಆರಂಭ. ಅದರ ಸುರುಳಿಗಳು ಬಹುಕಾಲ ಬಾಳುತ್ತವೆ. ಮುಪ್ಪಾಗುವುದು ಧಾರಕಗಳು ಮತ್ತು ಸ್ವಿಚ್ಚಿನ ಸಂಪರ್ಕಗಳು. ಧಾರಕಗಳನ್ನು ಅಳೆದು, ಮೌಲ್ಯ ಸರಿದಿರುವವನ್ನು ಮಾತ್ರ ಮೂಲ ಮೌಲ್ಯದವುಗಳಿಂದ ಬದಲಿಸಿ. ಎರಡೂ ಪೆಟ್ಟಿಗೆಗಳಲ್ಲಿ ಒಂದೇ ಬಗೆಯವು ಇರಲಿ. ತೆಗೆದ ಭಾಗಗಳನ್ನು ಎಸೆಯಬೇಡಿ.

ಇನ್ನು ಆಂಪ್ಲಿಫೈಯರ್. ಇಲ್ಲಿ ವ್ಯಾಟ್ ಸಂಖ್ಯೆಗಿಂತ ಸ್ಪೀಕರಿನ ಸಂವೇದನೆ ಮುಖ್ಯ. 1 ವ್ಯಾಟ್‌ಗೆ 94 ಡೆಸಿಬೆಲ್ ಕೊಡುವ ಸ್ಪೀಕರನ್ನು 85 ಡೆಸಿಬೆಲ್ ಕೊಡುವುದರೊಂದಿಗೆ ಹೋಲಿಸಿ. ಪ್ರತಿ 3 ಡೆಸಿಬೆಲ್‌ಗೆ ಶಕ್ತಿ ಇಮ್ಮಡಿ. 9 ಡೆಸಿಬೆಲ್‌ಗೆ ಎಂಟು ಪಟ್ಟು. ಎರಡನೆಯದು 40 ವ್ಯಾಟ್‌ನಲ್ಲಿ ಮಾಡುವ ಸದ್ದನ್ನು ಮೊದಲನೆಯದು 5 ವ್ಯಾಟ್‌ನಲ್ಲಿ ಮಾಡುತ್ತದೆ. ಹಾಗೆಂದು ಸಣ್ಣ ಆಂಪ್ಲಿಫೈಯರನ್ನು ಮಿತಿ ಮೀರಿ ದುಡಿಸಬೇಡಿ. ಆಗ ಅಲೆಯ ತುದಿ ಕತ್ತರಿಸಿಹೋಗಿ, ಹೊಸದಾಗಿ ಹುಟ್ಟುವ ಎತ್ತರದ ಆವೃತ್ತಿಗಳು ತೆಳು ಪೊರೆಯ ಸುರುಳಿಯನ್ನು ಕಾಯಿಸುತ್ತವೆ.

ವಾಲ್ವ್ ಆಂಪ್ಲಿಫೈಯರ್ ಆದರೆ 15 ಓಮ್ ಸ್ಪೀಕರನ್ನು ಅದರ 16 ಓಮ್ ತುದಿಗೆ ಜೋಡಿಸಿ. ಅದರ ಹೊರರೋಧ ತುಸು ಹೆಚ್ಚು ಎಂಬುದೂ ನೆನಪಿರಲಿ. ಹೊರರೋಧ 3 ಓಮ್ ಇದ್ದು, ಸ್ಪೀಕರಿನ ಇಂಪೀಡೆನ್ಸ್ ಒಂದು ಆವೃತ್ತಿಯಲ್ಲಿ 8, ಇನ್ನೊಂದರಲ್ಲಿ 30 ಓಮ್ ಆದರೆ ಧ್ವನಿಮಟ್ಟದಲ್ಲಿ ಸುಮಾರು 2 ಡೆಸಿಬೆಲ್ ಏರುಪೇರಾಗುತ್ತದೆ. ಕೆಲವರಿಗೆ ಹಿತವೆನಿಸುವ ‘ವಾಲ್ವ್ ದನಿ’ಯ ಒಂದು ಕಾರಣ ಇದೇ. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ಈ ಏರುಪೇರು ಅತ್ಯಲ್ಪ. ಆದರೆ 8 ಓಮ್‌ಗೆ 50 ವ್ಯಾಟ್ ಕೊಡುವ ಅದು 15 ಓಮ್‌ಗೆ ಸುಮಾರು 27 ವ್ಯಾಟ್ ಮಾತ್ರ ಕೊಡುತ್ತದೆ.

ಮೂರನೆಯ ದಾರಿಯೂ ಇದೆ: ಡಿಜಿಟಲ್ ಕ್ರಾಸ್‌ಓವರಿನಿಂದ ಮೊದಲೇ ವಿಂಗಡಿಸಿ, ಪ್ರತಿ ಘಟಕಕ್ಕೂ ಪ್ರತ್ಯೇಕ ಆಂಪ್ಲಿಫೈಯರ್ ಕೊಡುವುದು. ಹಿಂದಿರುವ ಪೊರೆಯಿಂದ ಧ್ವನಿ ತಡವಾಗಿ ಬರುವುದನ್ನೂ ಇಲ್ಲಿ ತಿದ್ದಬಹುದು. ಅಂತರ 8.5 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ತಗ್ಗು ಘಟಕದ ಸಂಕೇತವನ್ನು 0.25 ಮಿಲಿಸೆಕೆಂಡ್ ತಡಮಾಡಿದರೆ ಸಾಕು. ಆದರೆ ಆಂಪ್ಲಿಫೈಯರನ್ನು ಪೊರೆಗೆ ನೇರವಾಗಿ ಜೋಡಿಸಿದರೆ ಸ್ವಿಚ್ ಹಾಕಿದಾಗಿನ ಒಂದು ‘ಧಡ್’ ಸದ್ದೇ ಅದಕ್ಕೆ ಮಾರಕವಾದೀತು. 8 ಓಮ್ ಘಟಕವಾದರೆ ಸರಣಿಯಲ್ಲಿ 47 ಮೈಕ್ರೋಫ್ಯಾರಡ್ ಧಾರಕವೊಂದನ್ನು ಕಾವಲಿಗಿಡಿ.

ಹೊಸ ಸಾಧನ ಕೊಳ್ಳುವ ಮುನ್ನ ಹಳೆಯದನ್ನು ಅಳೆಯಿರಿ. ಸುಟ್ಟ ಆಂಪ್ಲಿಫೈಯರಿಗೆ ಇನ್ನೊಂದು ಸಿಕ್ಕೀತು. ಅರವತ್ತು ವರ್ಷದ ಹಿಂದಿನ ಆ ಪೊರೆಗೆ ತಕ್ಕ ಇನ್ನೊಂದು ಸುಲಭವಾಗಿ ಸಿಗದು.